ಮಜಲ್‌ಲೋಡರ್: ಮೊದಲ ಗುಂಡಿಗೆ ತೊಳೆದ ನಳಿಗೆಯೋ, ಮಸಿ ನಳಿಗೆಯೋ?

ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಮಜಲ್‌ಲೋಡರ್ ಸೀಸನ್ ಬೇರೆಯೇ ಇದೆ. ನಳಿಗೆಯ ಬಾಯಿಯಿಂದ ಮದ್ದು, ಗುಂಡು ತುಂಬುವ ಕೋವಿ ಇದು. ಎರಡನೇ ಗುಂಡು ತುಂಬುವಷ್ಟರಲ್ಲಿ ಜಿಂಕೆ ನಿಂತಿರುತ್ತದೆಯೇ? ಮೊದಲನೆಯದೇ ಲೆಕ್ಕ. ಅದಕ್ಕೆ ನಳಿಗೆ ತೊಳೆದಿರಬೇಕೋ, ಮೊದಲೇ ಒಂದು ಗುಂಡು ಹಾರಿಸಿ ಮಸಿ ಹಿಡಿದಿರಬೇಕೋ?

ತೊಳೆದ ನಳಿಗೆಯಲ್ಲಿ ಗುಂಡು ಸರಾಗವಾಗಿ ಇಳಿಯುತ್ತದೆ, ತುಕ್ಕಿನ ಭಯವೂ ಕಡಿಮೆ. ತೊಂದರೆ ಕೊಡುವುದು ತೊಳೆದ ಮೇಲೆ ಹಚ್ಚುವ ಎಣ್ಣೆ. ಅದು ಉಳಿದಿದ್ದರೆ ಮೊದಲ ಗುಂಡು ಬೇರೆ ಕಡೆ ಬೀಳುತ್ತದೆ, ಮದ್ದು ಹತ್ತದೆಯೂ ಇರಬಹುದು. ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯನ್ನು ಗಜದಿಂದ (ಗುಂಡು ತಳ್ಳುವ ಕೋಲು) ತಳದವರೆಗೆ ತಳ್ಳಿ, ಮದ್ದು ತುಂಬದೆ, ಸುರಕ್ಷಿತ ದಿಕ್ಕಿಗೆ ಬರೀ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಕ್ಯಾಪ್) ಹೊಡೆಯಿರಿ. ಹೊರತೆಗೆದ ಬಟ್ಟೆಯ ನಡುವೆ ಸುಟ್ಟ ಕಪ್ಪು ಕಲೆ ಕಂಡರೆ ಕಿಡಿಯ ದಾರಿ ತೆರೆದಿದೆ ಎಂದರ್ಥ.

ಒಂದು ಗುಂಡು ಹಾರಿಸಿ ಮಸಿ ಹಿಡಿಸಿದರೆ ಎಣ್ಣೆಯ ಕಾಟವೇ ಇಲ್ಲ. ಆದರೆ ಕಪ್ಪು ಮದ್ದು, ಅದರ ಬದಲಿಗೆ ಬಳಸುವ ಪೈರೋಡೆಕ್ಸ್‌ಗಳ ಮಸಿ ತೇವ ಎಳೆದು ಕಬ್ಬಿಣ ತಿನ್ನುತ್ತದೆ. ಅದನ್ನು ಹಾಗೇ ಬಿಡುವುದು ಬೇಡ. ಬ್ಲ್ಯಾಕ್‌ಹಾರ್ನ್ 209 ಎಂಬ ಇನ್ನೊಂದು ಬದಲಿ ಮದ್ದು ಈ ವಿಷಯದಲ್ಲಿ ವಾಸಿ. ಬೆಲೆ ಮಾತ್ರ ಜಾಸ್ತಿ, ಬಿಸಿ ಜಾಸ್ತಿಯಿರುವ 209 ಮಾದರಿಯ ಪ್ರೈಮರ್ ಬೇಕು. ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಚಕಮಕಿ ಕೋವಿಗೆ ಬ್ಲ್ಯಾಕ್‌ಹಾರ್ನ್ ಆಗದು.

ಇನ್‌ಲೈನ್ ಕೋವಿ (ಪ್ರೈಮರ್ ನಳಿಗೆಯ ನೇರ ಹಿಂದೆ ಕೂರುವ ಹೊಸ ಬಗೆ), ಬ್ಲ್ಯಾಕ್‌ಹಾರ್ನ್ ಇದ್ದರೆ ನನ್ನ ಓಟು ಮಸಿಗೆ. ಮಿಕ್ಕವರು ತೊಳೆದೇ ಹೋಗಿ. ಕ್ರಿಸ್‌ಮಸ್ ನಂತರದ ಪೆನ್ಸಿಲ್ವೇನಿಯಾ ಸೀಸನ್‌ನಲ್ಲಿ ಚಕಮಕಿ ಕೋವಿಯೇ ಕಡ್ಡಾಯ, ಅಲ್ಲಿ ಯೋಚನೆಯೇ ಬೇಡ.

ಯಾವುದನ್ನೇ ಆರಿಸಿ, ಗುರಿ ಹೊಂದಿಸುವಾಗಲೂ ನಳಿಗೆ ಅದೇ ಸ್ಥಿತಿಯಲ್ಲಿರಲಿ, ತಣ್ಣಗಿರಲಿ. ಬಿಸಿ ನಳಿಗೆಯಲ್ಲಿ ಸುಮ್ನೆ ಒಂದರ ಹಿಂದೊಂದು ಹೊಡೆದು ಗುರಿಹಲಗೆಯ ಮೇಲೆ ಬಂದ ಗುಂಡುಗಳ ಗುಂಪು ಕಾಡಿನಲ್ಲಿ ಕೆಲಸಕ್ಕೆ ಬರುವುದಿಲ್ಲ.