ಶ್ರವಣಬೆಳಗೊಳದ ಮಾರ್ಗದರ್ಶಿ ಸೇವೆ: ಮೂರು ಯುದ್ಧಗಳು ಮತ್ತು ಒಂದು ಶಾಸನ

ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಸ್ಥಳೀಯ ಮಾರ್ಗದರ್ಶಿಯೊಬ್ಬರ ಜೊತೆ ವಿಂಧ್ಯಗಿರಿಯನ್ನೂ ಊರೊಳಗಿನ ಬಸದಿಗಳನ್ನೂ ನೋಡಿದೆ. ಅವರ ವಿವರಣೆ ಬಾಹುಬಲಿ ಪ್ರತಿಮೆಯ ಎತ್ತರ, ಮಸ್ತಕಾಭಿಷೇಕದ ವೈಭವಗಳಿಗೆ ಮುಗಿಯುವಂಥದ್ದಲ್ಲ ಎಂಬ ಕಾರಣಕ್ಕೆ ಈ ಸೇವೆಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ.

ಭರತ-ಬಾಹುಬಲಿಯರ ಕಥೆಯನ್ನು ಅವರು ಒಂದು ವ್ಯಾಜ್ಯದಂತೆ ಬಿಡಿಸಿಟ್ಟರು. ತಂದೆ ಕೊಟ್ಟ ರಾಜ್ಯವನ್ನು ಉಳಿಸಿಕೊಳ್ಳುವುದು ಬಾಹುಬಲಿಯ ಹಕ್ಕು. ಆದರೆ ಅಣ್ಣತಮ್ಮಂದಿರ ಹಟಕ್ಕೆ ಎರಡೂ ಕಡೆಯ ಸೈನಿಕರು ಸಾಯುವುದು ಸಲ್ಲದೆಂದು ಮಂತ್ರಿಗಳು ತಡೆದದ್ದರಿಂದ ಹೋರಾಟವು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಾಗಿ ಇಬ್ಬರ ನಡುವೆಯೇ ಉಳಿಯಿತು. ಮೂರರಲ್ಲೂ ಸೋತ ಭರತ ಚಕ್ರವನ್ನು ಪ್ರಯೋಗಿಸಿ ಆ ಕಟ್ಟಳೆಯನ್ನು ಮುರಿದ. ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಆ ಗಳಿಗೆಯಲ್ಲಿ ಗೆದ್ದವನು ತಿರುಗಿ ಹೊಡೆದಿದ್ದರೆ ಅನ್ಯಾಯವೆನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ, ಆದರೂ ಅವನು ಗೆದ್ದ ನೆಲವನ್ನೇ ಬಿಟ್ಟು ಹೊರಟ. ನ್ಯಾಯ ಒಪ್ಪುವ ಪೆಟ್ಟನ್ನೂ ನೀತಿ ಬೇಡವೆನ್ನಬಹುದು ಎಂಬುದು ಬೆಟ್ಟದ ಮೇಲೆ ನಿಂತು ಕೇಳುವಾಗ ನನ್ನನ್ನು ಬಹಳ ಕಾಡಿತು.

ಕೊರತೆಯೊಂದಿದೆ. ಪ್ರತಿಮೆಯ ಪಾದದ ಬಳಿಯ ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂಬ ಬರಹವನ್ನು ಅವರು ಓದಿ ತೋರಿಸಿದರೂ ಮಾಡಿಸಿದವನ ಬಗ್ಗೆ ಹೆಚ್ಚು ಹೇಳಲಿಲ್ಲ. ಚಾವುಂಡರಾಯ ಗಂಗರ ಸೇನಾಪತಿ. ಸಮರಪರಶುರಾಮ, ರಣರಂಗಸಿಂಗ ಎಂಬ ಬಿರುದುಗಳನ್ನು ಗಳಿಸಿದ್ದು ರಣರಂಗದಲ್ಲಿ. ರಕ್ತದ ಬೆಲೆ ಬಲ್ಲ ಆ ಯೋಧನೇ 10ನೆಯ ಶತಮಾನದ ಕೊನೆಯಲ್ಲಿ ಯುದ್ಧ ತೊರೆದವನ ಮೂರ್ತಿಯನ್ನು ಕಡೆಸಿದ ಎಂಬುದನ್ನು ಬಿಟ್ಟರೆ ಇಲ್ಲಿಯ ಅಹಿಂಸೆ ಸುಲಭದ ಮಾತಾಗಿ ಕೇಳಿಸುತ್ತದೆ.

ಭಂಡಾರಿ ಬಸದಿಗೆ ನಾನು ಕೇಳಿದ ಮೇಲೆಯೇ ಕರೆದೊಯ್ದರು. ಅಲ್ಲಿಯ 1368ರ ಶಾಸನ ಜೈನರಿಗೂ ಶ್ರೀವೈಷ್ಣವರಿಗೂ ನಡೆದ ವ್ಯಾಜ್ಯದ ತೀರ್ಪು. ವಿಜಯನಗರದ ಅರಸ ಬುಕ್ಕರಾಯನು ಎರಡೂ ದರ್ಶನಗಳಲ್ಲಿ, ಅಂದರೆ ಮತಗಳಲ್ಲಿ, ಭೇದವಿಲ್ಲವೆಂದು ಸಾರಿ, ಜೈನರ ಪಂಚಮಹಾವಾದ್ಯ ಮತ್ತು ಕಳಶದ ಹಕ್ಕನ್ನು ಉಳಿಸಿ, ಅವರ ಕೈಯನ್ನು ಶ್ರೀವೈಷ್ಣವರ ಕೈಗೆ ಒಪ್ಪಿಸಿದ. ಅದೇ ತೀರ್ಪು ಬೆಳಗೊಳದ ದೇವರಿಗೆ ಅಂಗರಕ್ಷಕರನ್ನು ನೇಮಿಸಿ, ಅದರ ವೆಚ್ಚಕ್ಕೆ ಜೈನರು ಮನೆಗೊಂದು ಹಣ (ಅಂದಿನ ನಾಣ್ಯ) ಕೊಡಬೇಕೆಂದೂ ವಿಧಿಸಿತು. ಕೈ ಕೂಡಿಸಿದ ಅರಸನೇ ಕಾವಲನ್ನೂ ಏಕೆ ಇಟ್ಟನೆಂದು ಕೇಳಿದಾಗ ಮಾರ್ಗದರ್ಶಿ ಆತುರಪಡದೆ, ಕಾವಲಿಲ್ಲದ ತೀರ್ಪು ಬಲವಿದ್ದವರ ದಯೆಯಲ್ಲಿ ಉಳಿಯುತ್ತಿತ್ತು ಎಂದರು. ಅವರ ಸಂಭಾವನೆಗೆ ಆ ಉತ್ತರವೊಂದೇ ಸಾಕಿತ್ತು.

ಬರಿಗಾಲಿನಲ್ಲಿ ಹತ್ತಬೇಕಾದ್ದರಿಂದ ಬಂಡೆ ಕಾಯುವ ಮೊದಲೇ ಹೊರಡಿ, ದರವನ್ನು ಮುಂಚೆಯೇ ಮಾತಾಡಿಕೊಳ್ಳಿ, ಭಂಡಾರಿ ಬಸದಿಯ ಶಾಸನವನ್ನೂ ತೋರಿಸಬೇಕೆಂದು ಆಗಲೇ ತಿಳಿಸಿ.