ಕುರಿಗೆ ವರ್ಚುವಲ್ ಬೇಲಿ ಬೇಕಾ? ಆಳು, ಸೋಲಾರ್ ತಂತಿ, ಟ್ರ್ಯಾಕರ್ ಜೊತೆ ಇಟ್ಟು ನೋಡಿದಾಗ

ತಂತಿ, ಕಂಬ ಇಲ್ಲದೆ, ಪ್ರಾಣಿಯ ಕೊರಳಿಗೆ ಕಟ್ಟಿದ ಕಾಲರಿನಿಂದಲೇ ಅದನ್ನು ಗಡಿಯೊಳಗೆ ನಿಲ್ಲಿಸುವುದು ವರ್ಚುವಲ್ ಬೇಲಿ. ನಾರ್ವೆಯ ನೋಫೆನ್ಸ್, ನ್ಯೂಜಿಲೆಂಡ್‌ನ ಹಾಲ್ಟರ್ ಕಂಪನಿಗಳ ಇಂಥ ಕಾಲರ್‌ಗಳ ವಿಡಿಯೊ ನೋಡಿದವರೆಲ್ಲ ಶಿರಾ ಕಡೆ ಈಗ ಕೇಳುತ್ತಿರುವುದು ಒಂದೇ: ನಮ್ಮ ಕುರಿಗೂ ಇದು ಆಗುತ್ತಾ? ಆ ಕಾಲರ್ ನಾನು ಬಳಸಿಲ್ಲ. ಆದರೆ ಅದರೊಳಗೆ ಇರುವುದು ಜಿಪಿಎಸ್ ಮತ್ತು ಸಣ್ಣ ಶಾಕ್. ಇವೆರಡನ್ನೂ ಬೇರೆ ಬೇರೆಯಾಗಿ ನನ್ನ ಮಂದೆಯಲ್ಲೇ ಬಳಸಿದ್ದೇನೆ. ಆಳು ಇಟ್ಟು ಮೇಯಿಸುವುದಂತೂ ಮೊದಲಿನಿಂದ ಇದ್ದದ್ದೇ.

ಸೋಲಾರ್ ತಂತಿ ಬೇಲಿಯಿಂದ ಶುರು ಮಾಡುತ್ತೇನೆ. ಬ್ಯಾಟರಿಗೆ ಜೋಡಿಸಿದ ಎನರ್ಜೈಸರ್ ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಶಾಕ್ ಬಿಡುತ್ತದೆ. ಮಳೆಗಾಲದಲ್ಲಿ ಒಳ್ಳೆ ಕೆಲಸ, ತಂತಿಗೆ ಹುಲ್ಲು ತಾಗಿ ಕರೆಂಟ್ ಸೋರದಂತೆ ನೋಡಿಕೊಂಡರೆ ಸಾಕು. ಬೇಸಿಗೆಯಲ್ಲಿ ಕಥೆಯೇ ಬೇರೆ. ನಮ್ಮ ಕೆಂಪು ಗರಸು ನೆಲ ಒಣಗಿತೆಂದರೆ ಅರ್ಥಿಂಗ್ ಸಿಗುವುದಿಲ್ಲ, ಕುರಿಯ ಉಣ್ಣೆಯೂ ಶಾಕ್ ತಡೆಯುತ್ತದೆ, ಮೂತಿ ತಾಗಿದರಷ್ಟೇ ಅದಕ್ಕೆ ಗೊತ್ತಾಗುವುದು. ಅರ್ಥಿಂಗ್ ರಾಡಿಗೆ ನೀರು ಸುರಿದು, ಒಂದು ಶಾಕ್ ತಂತಿ ಒಂದು ಅರ್ಥ್ ತಂತಿ ಅಂತ ಜೋಡಿಯಾಗಿ ಎಳೆದ ಮೇಲೆ ಸರಿಹೋಯಿತು. ಮೇಕೆಗಳು ಮಾತ್ರ ಕೆಳಗೆ ಜಾಗ ಸಿಕ್ಕರೆ ಇವತ್ತಿಗೂ ನುಸುಳುತ್ತವೆ. ಯಾರೂ ದಯವಿಟ್ಟು ಮೇನ್ ಲೈನಿನಿಂದ ನೇರ ಕರೆಂಟ್ ಕೊಡಬೇಡಿ. ಅದು ಜೀವ ತೆಗೆಯುತ್ತದೆ, ಕಾನೂನಿಗೂ ವಿರುದ್ಧ.

ಮುಂದೆ ನಡೆಯುವ ಕುರಿಗೆ ಸಿಮ್ ಹಾಕಿದ ಟ್ರ್ಯಾಕರ್ ಕಟ್ಟಿದ್ದೇನೆ. ಮಂದೆ ಎಲ್ಲಿದೆ ಅಂತ ಮನೆಯಲ್ಲೇ ಕೂತು ನೋಡಬಹುದು, ಬಂಡೆಗಳ ಮರೆಗೆ ಹೋದಾಗ ಮಾತ್ರ ಸಿಗ್ನಲ್ ಸಿಗಲ್ಲ. ನನಗೆ ನಿಜವಾಗಿ ತಲೆಬಿಸಿ ಮಾಡಿದ್ದು ಬೇರೆ. ಕುರಿ ನಮ್ಮ ಹೊಲದಲ್ಲೇ ನಿಂತಿರುತ್ತದೆ, ಮ್ಯಾಪಿನಲ್ಲಿ ಪಕ್ಕದವರ ಕಡಲೆಕಾಯಿ ಹೊಲದಲ್ಲಿ ತೋರಿಸುತ್ತದೆ.

ವರ್ಚುವಲ್ ಬೇಲಿ ಬಗ್ಗೆ ನನಗೆ ಹಿಂಜರಿಕೆ ಬಂದಿದ್ದೇ ಇಲ್ಲಿ. ಅದರಲ್ಲಿ ಗಡಿಯನ್ನು ಫೋನಿನಲ್ಲಿ ಎಳೆಯುತ್ತೀರಿ. ನೋಫೆನ್ಸ್ ಕಾಲರ್ ಆದರೆ ಗಡಿ ಹತ್ತಿರ ಬಂದಾಗ ಸದ್ದು ಮಾಡುತ್ತದೆ, ಮುಂದೆ ಹೋದಂತೆ ಸದ್ದು ಏರುತ್ತದೆ, ಆಮೇಲೂ ನಿಲ್ಲದಿದ್ದರೆ ಶಾಕ್. ಕಲಿತ ಮೇಲೆ ಹೆಚ್ಚಿನವು ಸದ್ದಿಗೇ ತಿರುಗುತ್ತವೆ. ಗಡಿ ಕಾಲರಿನೊಳಗೇ ಇರುವುದರಿಂದ ನೆಟ್‌ವರ್ಕ್ ಹೋದರೂ ಅದು ಕೆಲಸ ಮಾಡುತ್ತದೆ, ಇದು ನಿಜವಾಗಿಯೂ ಮೆಚ್ಚಬೇಕಾದದ್ದು. ಆದರೆ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುತ್ತದಲ್ಲ, ಅದಕ್ಕಾಗಿ ಬದುವಿನಿಂದ 5 ಮೀಟರ್ ಒಳಗೆ ಗಡಿ ಎಳೆದಿರಿ ಅಂದುಕೊಳ್ಳಿ. ಚೌಕಾಕಾರದ ಒಂದು ಎಕರೆಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಮೇವು ಅಲ್ಲಿಗೇ ಹೋಯಿತು. ನೂರಾರು ಎಕರೆ ಇರುವವರಿಗೆ ಅದು ಲೆಕ್ಕಕ್ಕಿಲ್ಲ. ನಮ್ಮ ತುಂಡು ಹೊಲಗಳಿಗೆ ದೊಡ್ಡ ನಷ್ಟ, ಒಂದೇ ಒಂದು ಸಲ ತಪ್ಪಿ ಪಕ್ಕದ ರಾಗಿಗೆ ನುಗ್ಗಿದರೂ ಪಂಚಾಯ್ತಿ ಸೇರಬೇಕಾಗುತ್ತದೆ.

ಇನ್ನೊಂದು, ಈ ಬೇಲಿ ಒಳಗಿನದನ್ನು ತಡೆಯುತ್ತದೆ, ಹೊರಗಿನದನ್ನು ತಡೆಯುವುದಿಲ್ಲ. ತುಮಕೂರು ಜಿಲ್ಲೆಯಲ್ಲಿ ಚಿರತೆ ಕಾಟ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ಬೀದಿ ನಾಯಿಗಳ ಹಿಂಡಂತೂ ಇದ್ದೇ ಇದೆ. ಕಾಲರ್ ಹಾಕಿದ ಕುರಿ ಹೆದರಿ ಓಡಿದರೆ ಸದ್ದೂ ಕೇಳಲ್ಲ, ಶಾಕೂ ಲೆಕ್ಕಕ್ಕಿಲ್ಲ.

ದುಡ್ಡಿನ ಮಾತು ಚಿಕ್ಕದು. ಟ್ರ್ಯಾಕರ್ ಮುಂದಿನ ಕುರಿಗೆ ಒಂದಿದ್ದರೆ ಸಾಕು, ಈ ಕಾಲರ್ ದೊಡ್ಡ ಕುರಿಗಳಿಗೆಲ್ಲ ಬೇಕು, ಮೇಲೆ ಚಂದಾ ಬೇರೆ. ಹೊರದೇಶದ ಬೆಲೆ ನೋಡಿದರೆ ಒಂದು ಕಾಲರಿನ ದುಡ್ಡಲ್ಲಿ ಇಲ್ಲಿ ಒಂದು ಕುರಿ ಬರುತ್ತದೆ.

ಆಳು? ಕೂಲಿ ಏರಿದೆ, ಮೇಯಿಸಲು ಹುಡುಗರು ಸಿಗುತ್ತಿಲ್ಲ. ಪಾವಗಡದಲ್ಲಿ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಹೋದ ಮೇಲೆ ಆ ಕಡೆ ಮಂದೆ ಅಡ್ಡಾಡುವ ಬಯಲೂ ಕಡಿಮೆಯಾಗಿದೆ. ಆದರೂ ಕುಂಟುವ ಕುರಿಯನ್ನು ಅಲ್ಲೇ ಗುರುತಿಸುವುದು, ಹೊಟ್ಟೆ ಉಬ್ಬರಿಸಿದ್ದನ್ನು ನೋಡಿ ತಕ್ಷಣ ಫೋನ್ ಮಾಡುವುದು, ಯಾರ ಹೊಲದಲ್ಲಿ ಕಟಾವಾಗಿದೆ ಅಂತ ಕೇಳಿ ಗೊಬ್ಬರಕ್ಕೆ ಮಂದೆ ಕೂರಿಸಿ ಅಷ್ಟು ಕಾಸು ತರುವುದು, ಇದೆಲ್ಲ ಆಳಿನಿಂದಲೇ ಆಗುವುದು.

ಹಾಗಾಗಿ ಸದ್ಯ ನನ್ನ ಮಂದೆಗೆ ಹಗಲು ಆಳು ಮತ್ತು ಟ್ರ್ಯಾಕರ್, ರಾತ್ರಿ ಬಲೆಯ ದೊಡ್ಡಿ, ಅದರ ಸುತ್ತ ಸೋಲಾರ್ ತಂತಿ. ತಿಪಟೂರು ಕಡೆ ದೊಡ್ಡ ತೆಂಗಿನ ತೋಟ ಇದ್ದು ಒಳಗೆ ಹಸು ಮೇಯಿಸುವವರಾದರೆ ಬೇರೆ ಮಾತು. ಅಲ್ಲಿ ಬದುವಿನ ಜಗಳ ಕಡಿಮೆ, ಹಸುವಿನ ಬೆಲೆ ಮುಂದೆ ಕಾಲರ್ ದುಬಾರಿ ಅನಿಸುವುದಿಲ್ಲ, ಇವತ್ತು ಈ ಸಾಲು ನಾಳೆ ಆ ಸಾಲು ಅಂತ ಮೇವು ಹಂಚಲೂ ಬರುತ್ತದೆ. ಅಂಥವರು ಹೊರಗಡೆ ಗಟ್ಟಿ ಬೇಲಿ ಇಟ್ಟುಕೊಂಡೇ, ಮೊದಲು ಗರಿಗಳ ಕೆಳಗೆ ಜಿಪಿಎಸ್ ಎಷ್ಟು ತಪ್ಪುತ್ತದೆ ಅಂತ ಒಂದು ಟ್ರ್ಯಾಕರ್ ಕಟ್ಟಿ ನೋಡಲಿ.