ಕಾಟಾ ಚೀಟಿ ಆ್ಯಪಿಗೆ ಇನ್‌ಪುಟ್ ಚೆಕ್: ಕೈಯಿಂದ ಬರದದ್ದು, ಜೋಯ್, ಝಾಡ್ ಮೂರೂ ಹಚ್ಚಿ ನೋಡಿದ್ದು

ಮುಧೋಳ ಜಮಖಂಡಿ ಕಡೆ ಕಬ್ಬು ಸಾಗಸೋ ಟ್ರ್ಯಾಕ್ಟರ್‌ನೋರಿಗೆ ಒಂದ್ ಸಣ್ಣ ವೆಬ್ ಆ್ಯಪ್ ಮಾಡಿಕೊಟ್ಟೇನಿ, ಕಾಟಾ ಚೀಟಿ (ಗಾಡಿ ತೂಕ ಮಾಡಿ ಕೊಡೋ ರಶೀದಿ) ನೋಡಿ ಗಾಡಿ ನಂಬರ, ತೂಕ, ತಾರೀಖ, ಕಬ್ಬು ಕಡಿಯೋ ಗ್ಯಾಂಗಿಗೆ ಕೊಟ್ಟ ಅಡ್ವಾನ್ಸ್ ಇಷ್ಟ ತುಂಬೋದು, ಹಿಂದ ಸರ್ವರ್‌ನ್ಯಾಗ ಜಾವಾಸ್ಕ್ರಿಪ್ಟ್ ಓಡಸೋ ನೋಡ್‌ಜೆಎಸ್, ಅದರ ಮ್ಯಾಲ ಎಕ್ಸ್‌ಪ್ರೆಸ್ ಫ್ರೇಮ್‌ವರ್ಕ್. ಸಾದಾ ಕೆಲಸ ಅನ್ನಸ್ತೈತಿ. ಆದ್ರ ಫಾರ್ಮ್‌ನಿಂದ ಬರ್ಲಿ ಯುಆರ್‌ಎಲ್‌ನಿಂದ ಬರ್ಲಿ ಬರೋದೆಲ್ಲಾ ಸ್ಟ್ರಿಂಗ್ (ಬರೇ ಅಕ್ಷರದ ಸಾಲು), ಅದನ್ನ ನಂಬರ ಮಾಡಬೇಕು, ಮಾಡಿದ್ ಮ್ಯಾಲ ಅದು ಖರೇನ ತೂಕ ಹೌದಿಲ್ಲೊ ನೋಡಬೇಕು. ಈ ಎರಡು ಬ್ಯಾರೆ ಬ್ಯಾರೆ ಕೆಲಸ. ಮಂದಿ ಈ ಚೆಕ್ ಮಾಡೋ ಲೈಬ್ರರಿ (ಬ್ಯಾರೆಯೋರು ಬರದಿಟ್ಟ ಸಿದ್ಧ ಕೋಡು, ಇಲ್ಲಿ ಜೋಯ್, ಝಾಡ್) ಆರಿಸುವಾಗ ಎರಡನೇದ್ದನ್ನಷ್ಟ ನೋಡ್ತಾರ, ನನ್ನ ಕೇಳಿದ್ರ ಆಟ ಇರೋದು ಮೊದಲನೇದ್ರಾಗ: ಯಾವ್ದು ನಮಗ ಹೇಳದ ಕೇಳದ ಏನನ್ನ ಏನ್ ಮಾಡ್ತೈತಿ ಅನ್ನೋದು.

ಮೊದಲ ಕೈಯಿಂದ ಬರಿಯೋದು. ಲೈಬ್ರರಿ ಬ್ಯಾಡ, ಇಫ್ ಎಲ್ಸ್ ಸಾಕು ಅನ್ನೋರು ಭಾಳ ಮಂದಿ ಅದಾರ, ತಪ್ಪಂತೂ ಅಲ್ಲ, ಎರಡ್ ಮೂರ್ ಫೀಲ್ಡ್ ಇದ್ರ ಅದ ಛಲೋ. ತ್ರಾಸ ಏನಂದ್ರ ಜಾವಾಸ್ಕ್ರಿಪ್ಟ್‌ನ್ಯಾಗ ನಂಬರ ಮಾಡೋ ಹಾದಿನ ಎರಡ್ಮೂರು ಅದಾವು, ಒಂದೊಂದರ ಚಾಳಿ ಒಂದೊಂದು. ಪಾರ್ಸ್‌ಇಂಟ್ ಅನ್ನೋ ಫಂಕ್ಷನ್‌ಗೆ "18.45" ಕೊಟ್ರಿ ಅಂದ್ರ 18 ಕೊಡ್ತೈತಿ, ಎರರ್ ಗಿರರ್ ಏನಿಲ್ಲ. 0.45 ಟನ್ ಅಂದ್ರ ನಾಕೂವರಿ ಕ್ವಿಂಟಲ್, 2025-26ರ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತು ಮಾಡೋ ಕನಿಷ್ಠ ರೇಟು) ಶೇಕಡಾ 10.25 ರಿಕವರಿಗೆ (ಕಬ್ಬಿನಿಂದ ಬರೋ ಸಕ್ರಿ ಪ್ರಮಾಣ) ಕ್ವಿಂಟಲ್‌ಗೆ 355 ರೂಪಾಯಿ ಹಿಡಿದ್ರ ಒಂದ್ ಖೇಪಿಗೆ ಸುಮಾರ 1,600 ರೂಪಾಯಿ ಲೆಕ್ಕದಿಂದ ಮಾಯ. ಅದಕ್ಕಿಂತ ಕೆಟ್ಟದ್ದು ಅಡ್ವಾನ್ಸ್ ಬಾಕ್ಸು: ನಮ್ಮ ಮಂದಿ "1,25,000" ಅಂತ ಕಾಮಾ ಹಾಕೇ ಬರೀತಾರ, ಪಾರ್ಸ್‌ಇಂಟ್ ಮೊದಲ ಕಾಮಾ ಕಂಡಕೂಡ್ಲೆ ನಿಂತಬಿಡ್ತೈತಿ, ಸಿಗೋದು 1. ಸವಾ ಲಕ್ಷ ಹೋಗಿ ಒಂದ್ ರೂಪಾಯಿ! ಪಾರ್ಸ್‌ಫ್ಲೋಟ್ ಹಾಕಿದ್ರೂ ಅದ ಹಣೆಬರಹ.

ನಂಬರ್ ಅನ್ನೋ ಫಂಕ್ಷನ್ ಹಚ್ಚಿದ್ರ ಕಾಮಾ ಇದ್ದದ್ದಕ್ಕ ನ್ಯಾನ್ (ನಂಬರ ಅಲ್ಲ ಅನ್ನೋ ಗುರ್ತು) ಬರ್ತೈತಿ, ಅದು ಬೇಶ್. ಆದ್ರ ಖಾಲಿ ಸ್ಟ್ರಿಂಗ್ ಕೊಟ್ರ 0 ಬರ್ತೈತಿ, ಬರೇ ಸ್ಪೇಸ್ ಕೊಟ್ರೂ 0. ಯಾರರ ಬಾಕ್ಸ್ ಖಾಲಿ ಬಿಟ್ರಷ್ಟ ಅಂತ ತಿಳೀಬ್ಯಾಡ್ರಿ, ಬ್ರೌಸರ್‌ನ ನಂಬರ್ ಬಾಕ್ಸಿನ್ಯಾಗ "18.4.5" ಅಂತ ಬಿತ್ತಂದ್ರ ನಮ್ಮ ಸ್ಕ್ರಿಪ್ಟ್ ಓದಿದಾಗ ಅದರ ವ್ಯಾಲ್ಯೂ ಖಾಲಿ ಸ್ಟ್ರಿಂಗ್ ಆಗಿ ಬರ್ತೈತಿ, ಅದು ಮುಂದ 0 ಟನ್ ಆಗಿ ಡೇಟಾಬೇಸಿಗೆ ಹೋಗಿ ಕೂಡ್ತೈತಿ. ಇಷ್ಟೆಲ್ಲಾ ನೆನಪಿಟ್ಟು ಪ್ರತಿ ಫೀಲ್ಡಿಗೂ ಬರಿಯೋದಾದ್ರ ಬರೀರಿ, ನನಗ ಫಾರ್ಮ್ ಬೆಳದಂಗ ಬ್ಯಾಸರ ಬಂತು.

ಜೋಯ್ ಹಳೇದು, ಹ್ಯಾಪಿ ಫ್ರೇಮ್‌ವರ್ಕ್ ಮಂದಿ ಮಾಡಿದ್ದು. ಇದರ ನಂಬರ್ ರೂಲ್ ಭಾಳ ಶಾಣ್ಯಾ. "18.45" ಸ್ಟ್ರಿಂಗ್ ಬಂದ್ರ ತಾನ ನಂಬರ ಮಾಡ್ತೈತಿ, ಖಾಲಿ ಸ್ಟ್ರಿಂಗ್ ಬಂದ್ರ ನಂಬರ ಅಲ್ಲ ಅಂತ ಎರರ್ ಕೊಡ್ತೈತಿ, ಕಾಮಾ ಇದ್ದದ್ದಕ್ಕೂ ಎರರ್. ಅಂದ್ರ ಕೈಯಿಂದ ಬರದಾಗಿನ ಎರಡೂ ತ್ರಾಸ ಏನೂ ಮಾಡದ ಹೋದ್ವು. ಬೂಲಿಯನ್‌ಗೂ (ಹೌದು-ಅಲ್ಲ, ಟ್ರೂ-ಫಾಲ್ಸ್ ವ್ಯಾಲ್ಯೂ) "false" ಅಂದ್ರ ಫಾಲ್ಸ್ ಅಂತನ ತಿಳ್ಕೋತೈತಿ.

ಆದ್ರ ಈ ಶಾಣ್ಯಾತನ ಅಲ್ಲೇ ಅತಿ ಆಗ್ತೈತಿ ನೋಡ್ರಿ. ಪಾಯಿಂಟ್ ಆದಮ್ಯಾಲ ಎರಡ ಅಂಕಿ ಇರ್ಲಿ ಅಂತ ಪ್ರಿಸಿಷನ್ 2 ಹಾಕಿದ್ರ "18.456" ಅನ್ನೋದನ್ನ ತಪ್ಪು ಅನ್ನಂಗಿಲ್ಲ, ರೌಂಡ್ ಮಾಡಿ 18.46 ಕೊಡ್ತೈತಿ, ತಪ್ಪು ಅನ್ಬೇಕಂದ್ರ ಕನ್ವರ್ಟ್ ಅನ್ನೋ ಸೆಟಿಂಗ್ ಆಫ್ ಮಾಡ್ಬೇಕು, ಆಫ್ ಮಾಡಿದ್ರ ಸ್ಟ್ರಿಂಗ್ ನಂಬರ ಆಗೋದೂ ನಿಂತ ಹೋಗ್ತೈತಿ. ಇನ್ನೊಂದ್, ಮಾರ್ಪಾಡಾದ ಡೇಟಾ ಜೋಯ್ ಬ್ಯಾರೆ ವ್ಯಾಲ್ಯೂ ಒಳಗ ಕೊಡ್ತೈತಿ, ರಿಕ್ವೆಸ್ಟ್ ಬಾಡಿ (ಫಾರ್ಮ್‌ನಿಂದ ಬಂದ ಮೂಲ ಡೇಟಾ) ಇದ್ದಂಗ ಇರ್ತೈತಿ. ಎರರ್ ಇಲ್ಲಂತ ನೋಡಿ ಹಳೇ ಬಾಡಿನ ಬಳಸಿದ್ರ ದಿನದ ಎರಡ್ ಖೇಪು ಕೂಡಸುವಾಗ "18.45" ಮತ್ತ "12.30" ಸೇರಿ "18.4512.30" ಆಗ್ತೈತಿ. ಎರರ್ ಒಂದ ಹೇಳಿ ನಿಂದರೋದು, ಗೊತ್ತಿಲ್ಲದ ಫೀಲ್ಡ್ ಬಂದ್ರ ಎರರ್ ಕೊಡೋದು ಇವೂ ಅದರ ಡೀಫಾಲ್ಟು, ಸೆಟಿಂಗ್‌ನ್ಯಾಗ ಬದಲಿ ಮಾಡಬಹುದು.

ಝಾಡ್ ಟೈಪ್‌ಸ್ಕ್ರಿಪ್ಟ್ (ಟೈಪ್ ಹಚ್ಚಿದ ಜಾವಾಸ್ಕ್ರಿಪ್ಟ್) ಮಂದಿಗೆ ಹೇಳಿ ಮಾಡಿಸಿದ್ದು, ಸ್ಕೀಮಾ (ಯಾವ ಫೀಲ್ಡ್ ಹೆಂಗಿರಬೇಕು ಅನ್ನೋ ರೂಲು) ಒಮ್ಮೆ ಬರದ್ರ ಟೈಪೂ ಅಲ್ಲಿಂದನ ಸಿಗ್ತೈತಿ, ಇದೊಂದಕ್ಕ ಅರ್ಧಾ ಮಂದಿ ಬಂದಾರ. ತಪ್ಪೆಲ್ಲಾ ಒಮ್ಮೆಲೆ ಹೇಳ್ತೈತಿ, ಗೊತ್ತಿಲ್ಲದ ಫೀಲ್ಡ್ ಸುಮ್ನ ತಗದ್ ಒಗೀತೈತಿ. ಸಾದಾ ನಂಬರ್ ರೂಲಿಗೆ ಸ್ಟ್ರಿಂಗ್ ಕೊಟ್ರ ಒಪ್ಪಂಗಿಲ್ಲ, ಅದಕ್ಕ ಎಲ್ಲಾರೂ ಕೋಅರ್ಸ್ ಹಚ್ತಾರ, ಹೊಡತ ಬೀಳೋದು ಅಲ್ಲೇ. ಕೋಅರ್ಸ್ ಅಂದ್ರ ಬ್ಯಾರೆ ಏನಲ್ಲ, ಅದ ಜಾವಾಸ್ಕ್ರಿಪ್ಟ್‌ನ ನಂಬರ್ ಫಂಕ್ಷನ್ನು. ಖಾಲಿ ಸ್ಟ್ರಿಂಗ್ 0, ನಲ್ (ಏನೂ ಇಲ್ಲ ಅನ್ನೋ ವ್ಯಾಲ್ಯೂ) ಕೊಟ್ರೂ 0, "0x10" ಕೊಟ್ರ ಹೆಕ್ಸ್ (16ರ ಲೆಕ್ಕದ ಅಂಕಿ) ಅಂತ ತಿಳದು 16. ಕೋಅರ್ಸ್ ಬೂಲಿಯನ್‌ಗೆ "false" ಕೊಟ್ರ ಟ್ರೂ, ಯಾಕಂದ್ರ ಖಾಲಿ ಅಲ್ಲದ ಸ್ಟ್ರಿಂಗ್ ಎಲ್ಲಾ ಟ್ರೂನ. ಝಾಡ್ 4ರಾಗ ಸ್ಟ್ರಿಂಗ್‌ಬೂಲ್ ಅಂತ ಬ್ಯಾರೆನ ಕೊಟ್ಟಾರ, ಅದನ್ನ ಹಚ್ರಿ.

ನಾ ಈಗ ಝಾಡ್‌ನ ಇಟ್ಕೊಂಡೇನಿ, ಆದ್ರ ಕೋಅರ್ಸ್ ಮುಟ್ಟಂಗಿಲ್ಲ. ಮೊದಲ ಸ್ಟ್ರಿಂಗ್ ಅಂತನ ತಗೊಂಡು, ಟ್ರಿಮ್ ಮಾಡಿ, ಕಾಮಾ ತಗದು, ಅಂಕಿ, ಒಂದ್ ಪಾಯಿಂಟ್ ಬಿಟ್ರ ಬ್ಯಾರೆ ಏನೂ ಇಲ್ಲಂತ ರೆಜೆಕ್ಸಿನ್ಯಾಗ (ಅಕ್ಷರದ ನಮೂನಿ ಹೊಂದಸಿ ನೋಡೋ ಸೂತ್ರ) ನೋಡಿ, ಆಮ್ಯಾಲ ನಂಬರ ಮಾಡಿ, ಕಡೀಕ ಸೊನ್ನಿಗಿಂತ ಹೆಚ್ಚೈತಿಲ್ಲೊ, ಒಂದ್ ಗಾಡಿ ಹೊರೋವಷ್ಟ ಐತಿಲ್ಲೊ ನೋಡೋದು. ಹಳೇ ಎಕ್ಸ್‌ಪ್ರೆಸ್ ಕೋಡು, ಟೈಪ್‌ಸ್ಕ್ರಿಪ್ಟ್ ಇಲ್ಲಂದ್ರ ಜೋಯ್ ತಗದು ಝಾಡ್ ಹಚ್ಚೋ ಉಸಾಬರಿ ಬ್ಯಾಡ, ಕನ್ವರ್ಷನ್ ವಿಷಯಕ್ಕ ಡೀಫಾಲ್ಟ್‌ನ್ಯಾಗ ಜೋಯ್‌ನ ಭರೋಸಾದ್ದು.

ಮೂರಕ್ಕೂ ಬಗಿಹರೀದ ಒಂದ್ ವಿಷಯ ಕನ್ನಡ ಅಂಕಿ. ಫೋನಿನ ಕನ್ನಡ ಕೀಬೋರ್ಡಿನಿಂದ "೧೮.೪೫" ಅಂತ ಬಂದ್ರ ನಂಬರ್ ಫಂಕ್ಷನ್ ನ್ಯಾನ್ ಅಂತೈತಿ, ಜಾವಾಸ್ಕ್ರಿಪ್ಟ್ ರೆಜೆಕ್ಸಿನ ಅಂಕಿ ಚಿಹ್ನೆನೂ ಬರೇ ಇಂಗ್ಲಿಷ್ ಅಂಕಿ ಹಿಡೀತೈತಿ. ಬೆಳಗಾವಿ ಗಡಿ ಕಡೆ ಮರಾಠಿ ಕೀಬೋರ್ಡಿನ "१८" ಬಂದ್ರೂ ಇದ ಕಥಿ. ಪೈಥಾನ್‌ನ್ಯಾಗ ಇದ್ರ ಇಂಟ್, ಫ್ಲೋಟ್ ಎರಡೂ ಈ ಅಂಕಿ ಓದ್ತಾವು, ಅಲ್ಲಿ ಮಜಾ ಐತಿ (ಫ್ಲೋಟಿಗೆ "nan" ಅಂತ ಕೊಟ್ರೂ ಒಪ್ಪತೈತಿ ಅನ್ನೋದು ಬ್ಯಾರೆ ತಲಿನೋವು). ನಮ್ಮ ಕಡೆ ಅದಕ್ಕ ಒಂದ್ ಸಣ್ಣ ಫಂಕ್ಷನ್ ಸಾಕು, ಯೂನಿಕೋಡ್‌ನ್ಯಾಗ (ಪ್ರತಿ ಅಕ್ಷರಕ್ಕೂ ಒಂದ್ ನಂಬರ ಕೊಡೋ ಪದ್ಧತಿ) ದೇವನಾಗರಿ ಸೊನ್ನಿ (ಹೆಕ್ಸ್ 0966) ಇದ್ದಂಗ ಕನ್ನಡ ಸೊನ್ನಿನೂ ತನ್ನ ಸಾಲಿನ ಮೊದಲನೇದು, ಅಲ್ಲಿಂದ ಒಂಬತ್ತರ ತನಕ ಸಾಲಾಗಿ ಅದಾವು, ಅಂಕಿಯ ಯೂನಿಕೋಡ್ ನಂಬರಿನ್ಯಾಗ ಅದರ ಸೊನ್ನಿಯ ನಂಬರ ಕಳದ್ರ ಅಂಕಿ ಸಿಗ್ತೈತಿ. ಇದನ್ನ ರೆಜೆಕ್ಸಿಗಿಂತ ಮೊದಲ ಓಡಸ್ಬೇಕು.

ತಾರೀಖಿಗೆ ಮಾತ್ರ ನಾ ಯಾವ ಕನ್ವರ್ಷನ್ನೂ ಬಳಸಂಗಿಲ್ಲ. "03/04/2026" ಅನ್ನೋದನ್ನ ಜೋಯ್ ಡೇಟ್ ಇರ್ಲಿ ಝಾಡ್ ಕೋಅರ್ಸ್ ಡೇಟ್ ಇರ್ಲಿ ನೋಡ್‌ನ್ಯಾಗ ಮಾರ್ಚ್ 4 ಅಂತ ಓದ್ತಾವು, ನಮಗದು ಏಪ್ರಿಲ್ 3. ಬ್ರೌಸರ್‌ನ ಡೇಟ್ ಬಾಕ್ಸ್ ಯಾವಾಗ್ಲೂ ವರ್ಷ-ತಿಂಗಳ-ದಿನ ಅಂತನ ಕಳಸ್ತೈತಿ, ಅದನ್ನ ಝಾಡ್ 4ರ ಐಎಸ್‌ಓ ಡೇಟ್ ರೂಲಿನ್ಯಾಗ ಚೆಕ್ ಮಾಡಿ ಸ್ಟ್ರಿಂಗ್ ಆಗೇ ಇಡ್ತೀನಿ. ಕಾಟಾ ರಾತ್ರಿ ಎಲ್ಲಾ ನಡೀತೈತಿ, ನಮ್ಮ ರಾತ್ರಿ 12 ಅಂದ್ರ ಯುಟಿಸಿಯೊಳಗ (ಜಗತ್ತಿನ ಮೂಲ ಗಡಿಯಾರದ ವ್ಯಾಳ್ಯಾ) ಹಿಂದಿನ ದಿನ ಸಂಜೀ 6:30, ಡೇಟ್ ಆಬ್ಜೆಕ್ಟ್ ಮಾಡಿ ತಿರಗಿ ಸ್ಟ್ರಿಂಗ್ ಮಾಡೋ ಹೊತ್ತಿಗೆ ಖೇಪು ಒಂದ್ ದಿನ ಹಿಂದ ಸರದಿರ್ತೈತಿ.